ಓದಲು ಸಿಕ್ಕದ್ದೆಲ್ಲ ತಿದ್ದಲು ಸಿಗದು: ದೇಹೂ ರೋಡಿನ ಕನ್ನಡ ಕಲಿಕೆ ಮತ್ತು ಮುಕ್ತ ಪರವಾನಗಿಯ ಪಾಠಸಾಮಗ್ರಿ

ಪ್ರಶ್ನೆ ಮತ್ತು ವ್ಯಾಪ್ತಿ

ಪುಣೆ–ಲೋಣಾವಳಾ ಲೋಕಲ್ ರೈಲಿನಲ್ಲಿ ಆಕುರ್ಡಿ ದಾಟಿದರೆ ಸಿಗುವ ನಿಲ್ದಾಣ ದೇಹೂ ರೋಡ್. ಸೇನೆಯ ಆರ್ಡ್‌ನನ್ಸ್ ಡಿಪೊ, ಆರ್ಡ್‌ನನ್ಸ್ ಕಾರ್ಖಾನೆ, ದಂಡುಪ್ರದೇಶದ ಬಜಾರು ಇವುಗಳ ಸುತ್ತ ಬೆಳೆದ ಊರು ಇದು. ಡಿಪೊ ಕೆಲಸಕ್ಕೂ ಪಕ್ಕದ ಪಿಂಪ್ರಿ–ಚಿಂಚವಾಡದ ಕಾರ್ಖಾನೆ ಕೆಲಸಕ್ಕೂ ಬಂದು ನೆಲೆನಿಂತವರ ಮನೆಮಾತು ಹಲವು. ಉತ್ತರ ಕರ್ನಾಟಕದ ಕನ್ನಡವೂ ಅವುಗಳಲ್ಲಿ ಸೇರಿದೆ. ಇಂಥ ಕನ್ನಡ ಮನೆಯ ಮಗು ಶಾಲೆಯಲ್ಲಿ ಮರಾಠಿಯನ್ನೋ ಹಿಂದಿಯನ್ನೋ ಇಂಗ್ಲಿಷನ್ನೋ ಓದುತ್ತದೆ. ಕನ್ನಡ ಅದರ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ.

ಈ ಮಗುವಿಗೆ ಕನ್ನಡ ಓದು ಕಲಿಸಲು ಹೊರಟ ತಾಯಿ, ಅಜ್ಜ ಅಥವಾ ಭಾನುವಾರದ ತರಗತಿ ನಡೆಸುವ ಸ್ವಯಂಸೇವಕರಿಗೆ ದುಡ್ಡಿಲ್ಲದೆ ಸಿಗುವ ಸಾಮಗ್ರಿ ಯಾವುದು, ಅದನ್ನು ಅವರು ಏನೇನು ಮಾಡಬಹುದು ಎಂಬುದಷ್ಟೇ ಈ ಟಿಪ್ಪಣಿಯ ಪ್ರಶ್ನೆ. ಪಾಠಗಳ ಗುಣಮಟ್ಟವನ್ನು ಇಲ್ಲಿ ಅಳೆದಿಲ್ಲ. ಪ್ರತಿಯೊಂದು ಆಕರಕ್ಕೂ ಮೂರು ಪ್ರಶ್ನೆ ಹಾಕಿದೆ: ಪಡೆಯಬಹುದೇ, ನಕಲು ಮಾಡಿ ಹಂಚಬಹುದೇ, ತಿದ್ದಬಹುದೇ?

ಮೂರನೆಯ ಪ್ರಶ್ನೆಗೆ ಇಲ್ಲಿ ಹೆಚ್ಚಿನ ತೂಕವಿದೆ. ಕರ್ನಾಟಕದ ಒಂದನೇ ತರಗತಿಯ ಪುಸ್ತಕ ಸುತ್ತಲೂ ಕನ್ನಡ ಬೋರ್ಡುಗಳಿರುವ ಮಗುವನ್ನು ಎದುರಿಟ್ಟುಕೊಂಡು ಬರೆದದ್ದು. ದೇಹೂ ರೋಡಿನ ಮಗುವಿಗೆ ದೇವನಾಗರಿ ಬರುತ್ತದೆ. ಕ, ಖ, ಗ ಎಂಬ ಸಾಲು ಅದಕ್ಕೆ ಹೊಸದಲ್ಲ, ‘ಳ’ಕಾರವೂ ಮರಾಠಿಯಿಂದಲೇ ಗೊತ್ತು. ತೊಡಕಾಗುವ ಜಾಗ ಬೇರೆ. ಮರಾಠಿ ಬರವಣಿಗೆಯಲ್ಲಿ ಎ–ಏ, ಒ–ಓ ಎಂಬ ಭೇದ ಇಲ್ಲ. ಹಾಗಾಗಿ ‘ಬೆಳೆ’ಯೂ ‘ಬೇಳೆ’ಯೂ, ‘ಕೊಡು’ವೂ ‘ಕೋಡು’ವೂ ಆ ಕಣ್ಣಿಗೆ ಒಂದೇ. ಇನ್ನು ಒತ್ತಕ್ಷರ. ‘ಶಕ್ತಿ’ ಎಂದು ದೇವನಾಗರಿಯಲ್ಲಿ ಬರೆದಾಗ ಕಕಾರ ಅರ್ಧವಾಗಿ, ತಕಾರ ಪೂರ್ತಿಯಾಗಿ ಪಕ್ಕದಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಗುಣಿತ ಕಕಾರದ ಮೇಲೆ ಕೂತು ತಕಾರ ಕೆಳಗಿಳಿಯುತ್ತದೆ, ಮಗು ಅದನ್ನು ಮೊದಲು ‘ಕಿ’ ಎಂದೇ ಓದುತ್ತದೆ. ಆದ್ದರಿಂದ ಈ ಮಗುವಿಗೆ ಬೇಕಾದ ಪುಸ್ತಕದಲ್ಲಿ ಅಕ್ಷರಮಾಲೆ ಬೇಗ ಮುಗಿದು, ಹ್ರಸ್ವ–ದೀರ್ಘ ಮತ್ತು ಒತ್ತಕ್ಷರಗಳ ಅಭ್ಯಾಸ ಹೆಚ್ಚು ಇರಬೇಕು. ಅಂಥ ಪುಸ್ತಕ ಸಿದ್ಧವಾಗಿ ಸಿಗುವುದಿಲ್ಲ. ಇದ್ದುದನ್ನು ತಿದ್ದಿ ಮಾಡಿಕೊಳ್ಳಬೇಕು. ತಿದ್ದುವ ಹಕ್ಕಿಲ್ಲದ ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸಕ್ಕೆ ಅರ್ಧವೇ ಉಪಯೋಗ.

ಮುಕ್ತ ಎಂದರೆ ಎಷ್ಟು

ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಕಲ್ಪನೆಗೆ 2002ರ ಜುಲೈನಲ್ಲಿ ಯುನೆಸ್ಕೊ ಸಭೆಯೊಂದರಲ್ಲಿ ಹೆಸರು ಬಿತ್ತು. ಅಮೆರಿಕದ ಎಂಐಟಿ ತನ್ನ ಕೋರ್ಸುಗಳ ಸಾಮಗ್ರಿಯನ್ನು ಎಲ್ಲರಿಗೂ ತೆರೆದಿಡುವುದಾಗಿ ಹೇಳಿದ್ದು ಅದಕ್ಕೆ ಹಿಂದಿನ ವರ್ಷ, 2001ರ ಏಪ್ರಿಲ್‌ನಲ್ಲಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳ ಮೊದಲ ಕಂತು 2002ರ ಡಿಸೆಂಬರ್‌ನಲ್ಲಿ ಬಂತು. ಯುನೆಸ್ಕೊ 2019ರ ನವೆಂಬರ್ 25ರಂದು ಅಂಗೀಕರಿಸಿದ ಶಿಫಾರಸಿನ ಪ್ರಕಾರ ಇಂಥ ಸಂಪನ್ಮೂಲಕ್ಕೆ ಎರಡು ದಾರಿ: ಹಕ್ಕುಸ್ವಾಮ್ಯದ ಅವಧಿ ಮುಗಿದು ಸಾರ್ವಜನಿಕ ಸ್ವತ್ತಾಗಿರಬೇಕು, ಇಲ್ಲವೇ ಹಕ್ಕುದಾರರೇ ಮುಕ್ತ ಪರವಾನಗಿ ಕೊಟ್ಟಿರಬೇಕು. ಎರಡೂ ಸಂದರ್ಭದಲ್ಲಿ ಖರ್ಚಿಲ್ಲದೆ ಪಡೆಯುವುದು, ಮರುಬಳಕೆ, ಮಾರ್ಪಾಡು, ಮರುಹಂಚಿಕೆ ಇಷ್ಟೂ ಸಾಧ್ಯವಾಗಬೇಕು. ಡೌನ್‌ಲೋಡ್ ಬಟನ್ ಇದೆ ಎಂಬುದು ಇದರಲ್ಲಿ ಮೊದಲನೆಯದನ್ನು ಮಾತ್ರ ಸಾಬೀತು ಮಾಡುತ್ತದೆ.

ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ನಾಲ್ಕು ಷರತ್ತುಗಳು ಬೇರೆ ಬೇರೆ ಜೋಡಣೆಯಲ್ಲಿ ಬರುತ್ತವೆ. ‘ಬಿವೈ’ ಇದ್ದರೆ ಮೂಲದವರ ಹೆಸರು ಹೇಳಬೇಕು. ‘ಎಸ್‌ಎ’ ಇದ್ದರೆ ನೀವು ತಿದ್ದಿ ಮಾಡಿದ್ದನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ‘ಎನ್‌ಸಿ’ ಇದ್ದರೆ ವಾಣಿಜ್ಯ ಬಳಕೆ ಕೂಡದು. ‘ಎನ್‌ಡಿ’ ಇದ್ದರೆ ಮಾರ್ಪಡಿಸಿದ್ದನ್ನು ಹಂಚುವಂತಿಲ್ಲ. ನಮ್ಮ ಮಗುವಿನ ವಿಷಯದಲ್ಲಿ ಕೊನೆಯ ಷರತ್ತು ಕಂಡ ತಕ್ಷಣ ಆ ಸಾಮಗ್ರಿಯನ್ನು ಪಕ್ಕಕ್ಕಿಡುವುದೇ ಸರಿ.

ಸರ್ಕಾರಿ ಪಠ್ಯಪುಸ್ತಕ: ಬೆಲೆಯಿಲ್ಲ, ಅನುಮತಿಯೂ ಇಲ್ಲ

ದೇಹೂ ರೋಡಿನವರಿಗೆ ಹತ್ತಿರದ ಕನ್ನಡ ಪಠ್ಯದ ಆಕರ ಬೆಂಗಳೂರಿನಲ್ಲಿಲ್ಲ, ಪುಣೆಯಲ್ಲೇ ಇದೆ. ಮಹಾರಾಷ್ಟ್ರ ರಾಜ್ಯ ಪಠ್ಯಪುಸ್ತಕ ನಿರ್ಮಿತಿ ಮತ್ತು ಅಭ್ಯಾಸಕ್ರಮ ಸಂಶೋಧನ ಮಂಡಳ, ಅಂದರೆ ಎಲ್ಲರ ಬಾಯಲ್ಲಿ ‘ಬಾಲಭಾರತಿ’, 1967ರ ಜನವರಿ 27ರಂದು ಸ್ಥಾಪನೆಯಾಯಿತು. ಸೇನಾಪತಿ ಬಾಪಟ್ ರಸ್ತೆಯಲ್ಲಿರುವ ಈ ಸಂಸ್ಥೆ ಮರಾಠಿ, ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿಗಳ ಜೊತೆಗೆ ಕನ್ನಡ ಮಾಧ್ಯಮದ ಪಠ್ಯಗಳನ್ನೂ ಪ್ರಕಟಿಸುತ್ತದೆ. ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕುಗಳ ಕನ್ನಡ ಶಾಲೆಗಳ ಮಕ್ಕಳು ಓದುವುದು ಇವನ್ನೇ. ಪಿಡಿಎಫ್ ರೂಪದಲ್ಲಿ ಇವು ಯಾರಿಗೂ ಹಣವಿಲ್ಲದೆ ಸಿಗುತ್ತವೆ.

ಮರಾಠಿ ಪರಿಸರದಲ್ಲಿ ಬೆಳೆಯುವ ಕನ್ನಡ ಮಗುವಿಗೆಂದೇ ಬರೆದ ಪುಸ್ತಕವಾದ್ದರಿಂದ ನಮ್ಮ ಕೆಲಸಕ್ಕೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ಆದರೆ ಶೀರ್ಷಿಕೆಪುಟ ತಿರುವಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಪುಸ್ತಕದ ಎಲ್ಲ ಹಕ್ಕುಗಳೂ ಮಂಡಳದ್ದು, ಸಂಚಾಲಕರ ಲಿಖಿತ ಅನುಮತಿ ಇಲ್ಲದೆ ಯಾವ ಭಾಗವನ್ನೂ ಉದ್ಧರಿಸಕೂಡದು ಎಂಬರ್ಥದ ಸೂಚನೆ ಅಲ್ಲಿರುತ್ತದೆ. ಪಾಠದ ಚಿತ್ರ ತೆಗೆದುಕೊಂಡು ಕೆಳಗಿನ ವಾಕ್ಯ ಸರಳಗೊಳಿಸಿ ಕಿರುಪುಸ್ತಕ ಮಾಡಿ ಹಂಚಲು ಇಲ್ಲಿ ಅನುಮತಿ ಬೇಕು. ಎನ್‌ಸಿಇಆರ್‌ಟಿಯ ಪಠ್ಯಪುಸ್ತಕಗಳ ಸ್ಥಿತಿಯೂ ಇದೇ: ಓದಲು ತೆರೆದಿವೆ, ಹಕ್ಕು ಕಾದಿರಿಸಿದೆ. ಅದೇ ಎನ್‌ಸಿಇಆರ್‌ಟಿ ನಡೆಸುವ ರಾಷ್ಟ್ರೀಯ ಮುಕ್ತ ಶೈಕ್ಷಣಿಕ ಸಂಪನ್ಮೂಲ ಭಂಡಾರ 2013ರ ಆಗಸ್ಟ್ 13ರಂದು ಶುರುವಾದಾಗ ಬಿವೈ–ಎಸ್‌ಎ ಪರವಾನಗಿಯನ್ನು ಆರಿಸಿಕೊಂಡಿತು. ಒಂದೇ ಸಂಸ್ಥೆಯ ಎರಡು ಕಪಾಟುಗಳಲ್ಲಿ ಎರಡು ನೀತಿ ಇರಬಹುದು ಎಂಬುದು ಇದರಿಂದ ಗೊತ್ತಾಗುತ್ತದೆ. ಸಂಸ್ಥೆಯ ಹೆಸರು ನೋಡಿ ಹಕ್ಕನ್ನು ಊಹಿಸುವಂತಿಲ್ಲ.

ಪುಸ್ತಕದ ಒಳಗೂ ಹೀಗೇ ಆಗುತ್ತದೆ. ಪಾಠಗಳಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 2017ರ ಸೆಪ್ಟೆಂಬರ್ 5ರಂದು ಆರಂಭವಾದ ದೀಕ್ಷಾ ವೇದಿಕೆಗೆ ಹೋಗುತ್ತೇವೆ. ಅಲ್ಲಿನ ಪ್ರತಿ ವಿಡಿಯೊ, ಅಭ್ಯಾಸಹಾಳೆಯ ವಿವರದ ಕೆಳಗೆ ಅದರದೇ ಪರವಾನಗಿ ನಮೂದಾಗಿರುತ್ತದೆ. ಅಚ್ಚಾದ ಪುಟಕ್ಕೆ ಒಂದು ಹಕ್ಕು, ಅದೇ ಪುಟದ ಕೋಡ್ ತೋರಿಸುವ ಸಾಮಗ್ರಿಗೆ ಇನ್ನೊಂದು ಹಕ್ಕು ಇರಬಹುದು.

ಹಾಗೆಂದು ಬಾಲಭಾರತಿಯ ಪುಸ್ತಕವನ್ನು ತರಗತಿಯಲ್ಲಿ ಮುಟ್ಟಲೇಬಾರದು ಎಂದೇನೂ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಐ) ಕಲಮು, ಬೋಧನೆಯ ಸಂದರ್ಭದಲ್ಲಿ ಶಿಕ್ಷಕರು ಅಥವಾ ವಿದ್ಯಾರ್ಥಿ ಮಾಡುವ ಪ್ರತಿಯನ್ನು ಉಲ್ಲಂಘನೆ ಎಂದು ಪರಿಗಣಿಸುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು 2016ರ ಸೆಪ್ಟೆಂಬರ್ 16ರಂದು, ಅದರ ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ಅದೇ ವರ್ಷ ಡಿಸೆಂಬರ್ 9ರಂದು, ಈ ವಿನಾಯಿತಿಗೆ ವಿಶಾಲವಾದ ಅರ್ಥ ಕೊಟ್ಟವು. ಬೋಧನೆ ಎಂದರೆ ಮೇಷ್ಟ್ರು ಮಾತಾಡುವ ಗಂಟೆಯಷ್ಟೇ ಅಲ್ಲ, ಓದಿಗೆ ಬೇಕಾದ ಸಿದ್ಧತೆಯೂ ಅದರಲ್ಲಿ ಸೇರುತ್ತದೆ ಎಂಬುದು ಆ ತೀರ್ಪಿನ ಸಾರ. ಹತ್ತು ಮಕ್ಕಳಿಗೆ ಒಂದು ಪಾಠದ ಜೆರಾಕ್ಸ್ ಕೊಡುವ ಶಿಕ್ಷಕರಿಗೆ ಇದರಿಂದ ಧೈರ್ಯ ಬರುತ್ತದೆ. ಆದರೆ ಈ ವಿನಾಯಿತಿ ತರಗತಿಯೊಂದಿಗೆ ಮುಗಿಯುತ್ತದೆ. ತಿದ್ದಿದ ಪಾಠವನ್ನು ಪಿಡಿಎಫ್ ಮಾಡಿ ಸೋಲಾಪುರದ, ಮುಂಬಯಿಯ, ದುಬೈಯ ಶಿಕ್ಷಕರೂ ಬಳಸಲಿ ಎಂದು ಪ್ರಕಟಿಸುವುದಕ್ಕೆ ಅದು ಆಧಾರವಾಗದು. ಮುಕ್ತ ಪರವಾನಗಿ ಬೇಕಾಗುವುದು ಈ ದಾಟುವಿಕೆಗೆ.

ಅವಧಿ ಮುಗಿದ ಹಕ್ಕು: ಊರಿನದೇ ಎರಡು ಉದಾಹರಣೆ

ಭಾರತದಲ್ಲಿ ಲೇಖಕರ ನಿಧನದ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. 1992ರ ತಿದ್ದುಪಡಿಗೆ ಮೊದಲು ಈ ಅವಧಿ 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯಲಿದ್ದಾಗ ಅದನ್ನು ಹೆಚ್ಚಿಸಲಾಯಿತು. ಈ ಲೆಕ್ಕದ ನಿಯಮಗಳನ್ನು ತೋರಿಸಲು ದೇಹೂ ರೋಡಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಡಾ. ಬಿ.ಆರ್. ಅಂಬೇಡ್ಕರ್ 1954ರ ಡಿಸೆಂಬರ್ 25ರಂದು ದೇಹೂ ರೋಡಿನಲ್ಲಿ ಬುದ್ಧಮೂರ್ತಿಯನ್ನು ಪ್ರತಿಷ್ಠಾಪಿಸಿದರು. ಧಮ್ಮಭೂಮಿ ಎಂದು ಆ ಸ್ಥಳ ಇಂದಿಗೂ ಪ್ರಸಿದ್ಧ. ಅವರು ತೀರಿಕೊಂಡದ್ದು 1956ರ ಡಿಸೆಂಬರ್ 6ರಂದು. ಅವರ ಜೀವಿತಾವಧಿಯಲ್ಲಿ ಪ್ರಕಟವಾದ ಕೃತಿಗಳು 2017ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತು. 1936ರ ‘ಜಾತಿ ವಿನಾಶ’ದ ಮೂಲ ಇಂಗ್ಲಿಷ್ ಪಠ್ಯ ಈ ಗುಂಪಿನದು. ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದ ಲೆಕ್ಕ ಮಾತ್ರ ಬೇರೆ. ಅದು ಅಚ್ಚಾದದ್ದು 1957ರಲ್ಲಿ, ಲೇಖಕರು ಇಲ್ಲವಾದ ಮೇಲೆ. ಮರಣೋತ್ತರ ಕೃತಿಗೆ ಕಾಯ್ದೆಯ 24ನೇ ಕಲಮಿನಂತೆ ಪ್ರಕಟವಾದ ವರ್ಷದಿಂದ ಎಣಿಕೆ. ಹಾಗಾಗಿ ಅದು ಮುಕ್ತವಾದದ್ದು 2018ರ ಜನವರಿ 1ರಂದು, ಒಂದು ವರ್ಷ ತಡವಾಗಿ.

ಮೂಲ ಮುಕ್ತವಾದರೂ ಅದರ ಕನ್ನಡ ಅನುವಾದ ಮುಕ್ತವಾಗಿರಬೇಕಿಲ್ಲ. ಅನುವಾದ ಸ್ವತಂತ್ರ ಕೃತಿ. ಅದರ ಹಕ್ಕು ಅನುವಾದಕರ ಅಥವಾ ಪ್ರಕಾಶಕರ ಕೈಯಲ್ಲಿರುತ್ತದೆ, ಸರ್ಕಾರ ಪ್ರಕಟಿಸಿದ್ದಾದರೆ ಪ್ರಕಟಣೆಯಿಂದ 60 ವರ್ಷ ಸರ್ಕಾರದ್ದು. ‘ಜಾತಿ ವಿನಾಶ’ದ ಇತ್ತೀಚಿನ ಟಿಪ್ಪಣಿಸಹಿತ ಆವೃತ್ತಿಗಳ ಮುನ್ನುಡಿ, ಅಡಿಟಿಪ್ಪಣಿಗಳಿಗೂ ಇದೇ ಮಾತು. ಮೂಲದಿಂದ ನೀವೇ ಒಂದು ಪುಟವನ್ನು ಮಕ್ಕಳ ಕನ್ನಡಕ್ಕೆ ತಂದರೆ ಯಾರ ಅನುಮತಿಯೂ ಬೇಡ, ಆ ಪುಟದ ಹಕ್ಕು ನಿಮ್ಮದು, ಅದನ್ನು ಮುಕ್ತವಾಗಿ ಬಿಟ್ಟುಕೊಡುವ ಅಧಿಕಾರವೂ ನಿಮ್ಮದೇ.

ಎರಡನೆಯ ಉದಾಹರಣೆ ದೇಹೂವಿನದು. ನಿಲ್ದಾಣಕ್ಕೆ ಹೆಸರು ಕೊಟ್ಟ, ಇಂದ್ರಾಯಣಿ ದಂಡೆಯ ಆ ಹಳ್ಳಿ ಹದಿನೇಳನೇ ಶತಮಾನದ ಸಂತ ತುಕಾರಾಮರ ಊರು. ಅವರ ಅಭಂಗಗಳ ಮೇಲೆ ಯಾರ ಹಕ್ಕೂ ಇಲ್ಲ. ವಿಷ್ಣು ಪರಶುರಾಮ ಶಾಸ್ತ್ರಿ ಪಂಡಿತರು ಸಂಪಾದಿಸಿ ಮುಂಬಯಿಯ ಇಂದುಪ್ರಕಾಶ ಮುದ್ರಣಾಲಯದಿಂದ 1869 ಮತ್ತು 1873ರಲ್ಲಿ ಎರಡು ಸಂಪುಟಗಳಾಗಿ ಬಂದ ಗಾಥೆಯೂ ಮುಕ್ತ. ಪುರಂದರದಾಸರ ಕೀರ್ತನೆಗಳ ಪಠ್ಯವೂ ಅಷ್ಟೇ ಮುಕ್ತ. ವಿಠ್ಠಲನನ್ನು ಹಾಡಿದ ಒಂದು ಅಭಂಗ, ಒಂದು ಕೀರ್ತನೆಯನ್ನು ಎದುರುಬದುರು ಪುಟಗಳಲ್ಲಿ ಇಟ್ಟು ಪಾಠ ಮಾಡಿದರೆ ಎರಡೂ ಲಿಪಿ ಒಟ್ಟಿಗೆ ಅಭ್ಯಾಸವಾಗುತ್ತದೆ, ಪರವಾನಗಿಯ ಚಿಂತೆ ಇರುವುದಿಲ್ಲ. ಆಧುನಿಕ ಸಂಪಾದಕರ ಪೀಠಿಕೆ, ಅರ್ಥವಿವರಣೆ, ಹಾಡುಗಾರರ ಧ್ವನಿಮುದ್ರಣಗಳಿಗೆ ಮಾತ್ರ ಹಕ್ಕು ಬೇರೆಯಾಗಿ ಇದ್ದೇ ಇರುತ್ತದೆ.

ಆಧುನಿಕ ಕನ್ನಡದಲ್ಲಿ ಮಕ್ಕಳ ಓದಿಗೆ ಮೊದಲು ನೆನಪಾಗುವ ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು. 50 ವರ್ಷದ ಹಳೆಯ ನಿಯಮದಲ್ಲೇ ಅವರ ಹಕ್ಕಿನ ಅವಧಿ 1987ರ ಕೊನೆಗೆ ಮುಗಿದುಹೋಗಿತ್ತು. ಆಮೇಲಿನ ತಿದ್ದುಪಡಿ ಮುಗಿದ ಹಕ್ಕಿಗೆ ಜೀವ ಕೊಡಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳ (ನಿಧನ 1963) ಕೃತಿಗಳು 2024ರ ಜನವರಿ 1ರಿಂದ, ಫ.ಗು. ಹಳಕಟ್ಟಿಯವರ (ನಿಧನ 1964) ಬರಹಗಳು 2025ರ ಜನವರಿ 1ರಿಂದ ಮುಕ್ತವಾದವು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ದ.ರಾ. ಬೇಂದ್ರೆಯವರ (ನಿಧನ 1981) ಕವಿತೆಗಳಿಗೆ 2041ರ ಕೊನೆಯವರೆಗೂ, ಕುವೆಂಪು (ನಿಧನ 1994) ಅವರವುಗಳಿಗೆ 2054ರ ಕೊನೆಯವರೆಗೂ ಹಕ್ಕಿದೆ. ವಾಟ್ಸಾಪ್‌ನಲ್ಲಿ ಓಡಾಡುವ ಕನ್ನಡ ಕವಿತೆಗಳ ಪಿಡಿಎಫ್‌ಗಳು ಈ ಎರಡು ಗುಂಪುಗಳನ್ನು ಬೆರೆಸಿಬಿಡುತ್ತವೆ. ಕವಿಯ ನಿಧನದ ವರ್ಷ ನೋಡುವುದೊಂದೇ ಅಲ್ಲಿ ಸರಿಯಾದ ಪರೀಕ್ಷೆ.

ಬಿಟ್ಟುಕೊಟ್ಟ ಹಕ್ಕು: ಕನ್ನಡದಲ್ಲಿ ಏನಿದೆ

ಓದು ಕಲಿಯುವ ಮಗುವಿಗೆ ಬೇಕಾದದ್ದು ಕಥೆ. ಬೆಂಗಳೂರಿನ ಪ್ರಥಮ್ ಬುಕ್ಸ್ (ಸ್ಥಾಪನೆ 2004) 2015ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನ, ಸ್ಟೋರಿವೀವರ್ ಎಂಬ ಕಥಾಭಂಡಾರವನ್ನು ತೆರೆಯಿತು. ಓದಿನ ನಾಲ್ಕು ಹಂತಗಳಿಗೆ ವಿಂಗಡಿಸಿದ ಚಿತ್ರಪುಸ್ತಕಗಳು ಇಲ್ಲಿವೆ, ಪರವಾನಗಿ ಸಿಸಿ ಬಿವೈ. ನಮ್ಮ ಮಗುವಿಗೆ ಇದರಿಂದ ಎರಡು ಲಾಭ. ಒಂದೇ ಕಥೆ, ಅದೇ ಚಿತ್ರಗಳೊಂದಿಗೆ, ಅನೇಕ ವೇಳೆ ಮರಾಠಿಯಲ್ಲೂ ಕನ್ನಡದಲ್ಲೂ ಸಿಗುತ್ತದೆ. ಮರಾಠಿಯಲ್ಲಿ ಕಥೆ ಮೊದಲೇ ಗೊತ್ತಿದ್ದರೆ ಕನ್ನಡ ಓದುವಾಗ ಅರ್ಥಕ್ಕೆ ತಡಕಾಡದೆ ಅಕ್ಷರಕ್ಕೆ ಗಮನ ಕೊಡಬಹುದು. ಜೊತೆಗೆ ಕಥೆಯನ್ನು ಅನುವಾದಿಸುವುದಕ್ಕೂ ಸುಲಭಗೊಳಿಸಿ ಹೊಸ ಆವೃತ್ತಿ ಮಾಡುವುದಕ್ಕೂ ಆ ತಾಣದಲ್ಲೇ ಅವಕಾಶವಿದೆ.

ಸ್ಟೋರಿವೀವರಿನ ಯಾವುದೇ ಪುಸ್ತಕದ ಕೊನೆಯ ಪುಟಗಳನ್ನು ಬಿಡದೆ ನೋಡಬೇಕು. ಕಥೆ ಬರೆದವರು, ಅನುವಾದಿಸಿದವರು, ಯಾವ ಮೂಲದಿಂದ ಬಂದದ್ದು, ಹಕ್ಕು ಯಾರದು ಎಂಬುದು ಒಂದು ಕಡೆ. ಪುಟವಾರು ಚಿತ್ರಗಳ ವಿವರ, ಕಲಾವಿದರ ಹೆಸರು ಇನ್ನೊಂದು ಕಡೆ. ಚಿತ್ರಕ್ಕೂ ಪಠ್ಯಕ್ಕೂ ಹೆಸರು ಬೇರೆ ಬೇರೆಯಾಗಿ ಕೊಡಬೇಕು ಎಂಬುದನ್ನು ಆ ಪುಟವೇ ಕಲಿಸುತ್ತದೆ. ಶಿಕ್ಷಕರು ಮುದ್ರಿಸುವಾಗ ಹಾಳೆ ಉಳಿಸಲೆಂದು ಮೊದಲು ಕೈಬಿಡುವುದೂ ಇದೇ ಪುಟವನ್ನು. ಅದನ್ನು ಕಿತ್ತರೆ ಪರವಾನಗಿಯ ಒಂದೇ ಒಂದು ಷರತ್ತು ಮುರಿದುಬೀಳುತ್ತದೆ.

ಹೈಸ್ಕೂಲ್ ಮಟ್ಟಕ್ಕೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ವಿಕಿ ಇದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಮತ್ತು ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಜೊತೆಗೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ಕೆಲಸದಿಂದ ಬೆಳೆದದ್ದು ಇದು. ಗಣಿತ, ವಿಜ್ಞಾನ, ಸಮಾಜ, ಭಾಷೆಗಳ ಪಾಠಯೋಜನೆಗಳನ್ನು ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಬರೆದು ಬಿವೈ–ಎಸ್‌ಎ ಪರವಾನಗಿಯಲ್ಲಿ ಇಟ್ಟಿದ್ದಾರೆ. ಅಭಿವೃದ್ಧಿಶೀಲ ದೇಶಗಳಲ್ಲಿ (‘ಗ್ಲೋಬಲ್ ಸೌತ್’) ಮುಕ್ತ ಸಂಪನ್ಮೂಲಗಳ ಬಳಕೆ ಕುರಿತು 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ ಸಂಪುಟದಲ್ಲಿ ಈ ಪ್ರಯೋಗಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಮುಂದಾಳಾಗಿದ್ದ ಟೆಸ್–ಇಂಡಿಯಾ ಯೋಜನೆಯ ಶಿಕ್ಷಕ ತರಬೇತಿ ಘಟಕಗಳಿಗೂ ಕರ್ನಾಟಕಕ್ಕೆಂದು ಒಗ್ಗಿಸಿದ ಕನ್ನಡ ಆವೃತ್ತಿ ಇದೆ, ಪರವಾನಗಿ ಬಿವೈ–ಎಸ್‌ಎ. ಎರಡೂ ಶಿಕ್ಷಕರಿಗಾಗಿ ಮಾಡಿದವು. ಮಗುವಿನ ಕೈಗೆ ಕೊಡುವ ಹಾಳೆಯನ್ನು ಇವುಗಳಿಂದ ತಯಾರಿಸಿಕೊಳ್ಳಬೇಕು.

ಹಿರಿಯ ಮಕ್ಕಳ ಓದಿಗೆ ಕನ್ನಡ ವಿಕಿಸೋರ್ಸ್ ಇದೆ. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಸಿದ್ದರಿಂದ ಅದರ ಲೇಖನಗಳು ಅಲ್ಲಿ ಸೇರಿದವು. ಕಯ್ಯೂರಿನ ರೈತ ಹೋರಾಟವನ್ನು ‘ಚಿರಸ್ಮರಣೆ’ಯಲ್ಲಿ ದಾಖಲಿಸಿದ ನಿರಂಜನರ (1924–1992) ಕೃತಿಗಳ ಹಕ್ಕು 2052ರ ಕೊನೆಯವರೆಗೂ ಉಳಿಯಬೇಕಿತ್ತು, ಅವರ ಕುಟುಂಬದವರು 2014ರಲ್ಲೇ ಅವನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿದರು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ದತ್ತಾಂಶ ಪರವಾನಗಿಯೊಂದಿಗೆ ಹೊರಬಂತು. ಪದಪಟ್ಟಿ ಮಾಡಿಕೊಳ್ಳುವವರಿಗೆ ಇದು ನೇರ ಉಪಯೋಗದ್ದು.

ಪುಣೆಯದೇ ಇನ್ನೊಂದು ಆಕರವನ್ನು ಬಿಡುವಂತಿಲ್ಲ. ಗಣೇಶಖಿಂಡದ ವಿಶ್ವವಿದ್ಯಾಲಯ ಆವರಣದಲ್ಲಿರುವ ಐಯುಕಾ ಖಗೋಳವಿಜ್ಞಾನ ಕೇಂದ್ರದ ಮುಕ್ತಾಂಗಣ ವಿಜ್ಞಾನ ಶೋಧಿಕೆಯಲ್ಲಿ 2003ರಿಂದ 2014ರವರೆಗೆ ಕೆಲಸ ಮಾಡಿದ ಅರವಿಂದ ಗುಪ್ತಾ ಕಸದಿಂದ ರಸ ತೆಗೆಯುವ ವಿಜ್ಞಾನದ ಆಟಿಕೆಗಳಿಂದ ಹೆಸರಾದವರು. ಅವರ ತಾಣದಲ್ಲಿ ಆಟಿಕೆಗಳ ಕಿರುಚಿತ್ರಗಳು ಕನ್ನಡ ಧ್ವನಿಯಲ್ಲೂ ಇವೆ, ಪುಸ್ತಕಗಳೂ ಇವೆ. ಆದರೆ ಅಲ್ಲಿರುವುದೆಲ್ಲ ಒಬ್ಬರ ಕೃತಿಯಲ್ಲ. ಬೇರೆ ಲೇಖಕರ, ಬೇರೆ ಪ್ರಕಾಶಕರ ಪುಸ್ತಕಗಳ ಸ್ಕ್ಯಾನ್ ಪ್ರತಿಗಳೂ ಸೇರಿವೆ. ತೋರಿಸಿ ಮಾಡಿಸಲು ಯಾವ ಅಡ್ಡಿಯೂ ಇಲ್ಲ; ಮರುಮುದ್ರಣಕ್ಕೆ ಪುಸ್ತಕದಿಂದ ಪುಸ್ತಕಕ್ಕೆ ಹಕ್ಕು ನೋಡಬೇಕು.

ಬೆರಕೆಯ ಲೆಕ್ಕ

ಎರಡು ಮೂರು ಕಡೆಯಿಂದ ತೆಗೆದುಕೊಂಡು ಒಂದು ಪಾಠ ಹೆಣೆಯುವಾಗ ಪರವಾನಗಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಬೇಕು. ಸಾರ್ವಜನಿಕ ಸ್ವತ್ತು ಎಲ್ಲದರ ಜೊತೆಗೂ ಸೇರುತ್ತದೆ. ಬಿವೈ ಕಥೆಯನ್ನು ಬಿವೈ–ಎಸ್‌ಎ ಪಾಠದೊಳಗೆ ಸೇರಿಸಬಹುದು, ಆಗ ಒಟ್ಟು ಪಾಠ ಬಿವೈ–ಎಸ್‌ಎ ಆಗುತ್ತದೆ. ಬಿವೈ–ಎಸ್‌ಎ ಪಾಠವನ್ನೂ ಬಿವೈ–ಎನ್‌ಸಿ–ಎಸ್‌ಎ ಪಾಠವನ್ನೂ ಬೆರೆಸಿ ಒಂದೇ ಹೊಸ ಪಾಠ ಮಾಡುವಂತಿಲ್ಲ: ಮೊದಲನೆಯದು ವಾಣಿಜ್ಯ ಬಳಕೆಗೂ ಬಿಡಬೇಕು ಎನ್ನುತ್ತದೆ, ಎರಡನೆಯದು ಬಿಡಬಾರದು ಎನ್ನುತ್ತದೆ. ಖಾನ್ ಅಕಾಡೆಮಿಯ ಸಾಮಗ್ರಿ ಈ ಎರಡನೆಯ ಬಗೆಯದು. ಕರ್ನಾಟಕದ ವಿಕಿಯ ಪಾಠದೊಂದಿಗೆ ಅದನ್ನು ಕಲಸಲು ಬರುವುದಿಲ್ಲ. ಒಂದೇ ಕಡತದಲ್ಲಿ ಎರಡನ್ನೂ ಬೇರೆ ಬೇರೆ ಪಾಠಗಳಾಗಿ, ತಿದ್ದದೆ, ತಮ್ಮ ತಮ್ಮ ಪರವಾನಗಿಯೊಂದಿಗೆ ಇಡಬಹುದು.

ಒಂದು ನಮೂನೆ ತೆಗೆದುಕೊಳ್ಳೋಣ. ಪ್ರಥಮ್ ಬುಕ್ಸ್ ಸಹಸ್ಥಾಪಕಿ ರೋಹಿಣಿ ನಿಲೇಕಣಿ ‘ನೋನಿ’ ಹೆಸರಿನಲ್ಲಿ ಬರೆದ, ಆಂಜಿ ಮತ್ತು ಉಪೇಶ್ ಚಿತ್ರ ಬರೆದ, ಉದ್ದ ಕೂದಲಿನ ಶೃಂಗೇರಿ ಶ್ರೀನಿವಾಸನ ವಾರ್ಷಿಕ ಕ್ಷೌರದ ಕಥೆ ಅನೇಕ ಭಾಷೆಗಳಲ್ಲಿ ಪ್ರಸಿದ್ಧ. ಇದನ್ನು ದೇಹೂ ರೋಡಿನ ಮಗುವಿಗೆ ಒಗ್ಗಿಸಬೇಕೆಂದರೆ ವಾಕ್ಯಗಳನ್ನು ಚಿಕ್ಕದು ಮಾಡಬಹುದು, ಏಕಾರ–ಓಕಾರಗಳನ್ನು ದಪ್ಪ ಅಕ್ಷರದಲ್ಲಿ ತೋರಿಸಬಹುದು, ‘ಶೃಂಗೇರಿ’, ‘ಶ್ರೀನಿವಾಸ’ಗಳಲ್ಲಿ ಬರುವ ವಟ್ರಸುಳಿ, ರಕಾರದ ಒತ್ತುಗಳಿಗೆ ಒಂದು ಅಭ್ಯಾಸಪುಟ ಸೇರಿಸಬಹುದು. ಎದುರು ಪುಟದಲ್ಲಿ ಮರಾಠಿ ಪಠ್ಯ ಇಡಬಹುದು. ಹನ್ನೆರಡು ಪುಟಕ್ಕೆ ಹೊಂದಿಸಿದರೆ ಮೂರು ಎ4 ಹಾಳೆಯ ಎರಡೂ ಬದಿಗೆ ಮುದ್ರಿಸಿ ಮಡಚಿ ಪಿನ್ ಹೊಡೆಯಬಹುದು. ಲಿಬ್ರೆ ಆಫೀಸಿನ ಬ್ರೋಷರ್ ಆಯ್ಕೆ ಪುಟಗಳನ್ನು ತಾನೇ ಸರಿಯಾದ ಕ್ರಮಕ್ಕೆ ತರುತ್ತದೆ. ಒಳರಕ್ಷಾಪುಟದಲ್ಲಿ ಇಷ್ಟು ಸಾಕು: ಕಥೆಯ ಹೆಸರು, ಲೇಖಕಿ, ಚಿತ್ರಕಾರರು, ಕನ್ನಡ ಮತ್ತು ಮರಾಠಿ ಅನುವಾದಕರು, ಪ್ರಕಾಶಕರು ಮತ್ತು ಮೂಲದ ಕೊಂಡಿ, ಪುಸ್ತಕದಲ್ಲಿ ಇದ್ದಂತೆಯೇ ಪರವಾನಗಿಯ ಹೆಸರು, ಆವೃತ್ತಿ ಸಂಖ್ಯೆ, ‘ವಾಕ್ಯಗಳನ್ನು ಸರಳಗೊಳಿಸಿ ಅಭ್ಯಾಸಪುಟ ಸೇರಿಸಲಾಗಿದೆ’ ಎಂಬ ಒಂದು ಸಾಲು. ಈ ಕೊನೆಯ ಸಾಲನ್ನು ಬಹಳ ಜನ ಮರೆಯುತ್ತಾರೆ. ಬದಲಾವಣೆ ಮಾಡಿದ್ದೇವೆ ಎಂದು ಹೇಳುವುದು ಪರವಾನಗಿಯ ಷರತ್ತೇ ಹೊರತು ಸೌಜನ್ಯವಲ್ಲ.

ಅಕ್ಷರದ ತೊಡಕು

ಹಕ್ಕು ತೆರೆದಿದ್ದರೂ ಕಡತ ತೆರೆದಿಲ್ಲದ ಸಂದರ್ಭ ಕನ್ನಡದಲ್ಲಿ ಹೆಚ್ಚು. ನಮ್ಮ ಡಿಟಿಪಿ ಕೆಲಸ ಬಹುಕಾಲ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ನಡೆಯಿತು. ಅವುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂತಿರುತ್ತವೆ. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು ಬರುತ್ತದೆ. ಸ್ಕ್ಯಾನ್ ಮಾಡಿದ ಪುಸ್ತಕದಲ್ಲಂತೂ ಪಠ್ಯವೇ ಇರುವುದಿಲ್ಲ, ಇರುವುದು ಚಿತ್ರ. ಇವುಗಳಲ್ಲಿ ಒಂದು ಪದ ಹುಡುಕಲೂ ಆಗದು, ದೃಷ್ಟಿದೋಷವುಳ್ಳವರ ಓದುತಂತ್ರಾಂಶಕ್ಕೂ ದಕ್ಕದು.

ಪರಿಹಾರಗಳಿವೆ. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಮುಕ್ತ ತಂತ್ರಾಂಶಗಳಿವೆ, ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರಾಕ್ಟ್ ಕನ್ನಡವನ್ನೂ ಓದುತ್ತದೆ. ಇವೆರಡರ ಫಲಿತಾಂಶದಲ್ಲೂ ಒತ್ತಕ್ಷರ, ದೀರ್ಘಗಳು ತಪ್ಪುವುದುಂಟು. ಕಲಿಯುವ ಮಗುವಿನ ಪುಸ್ತಕದಲ್ಲಿ ತಪ್ಪಲೇಬಾರದವು ಅವೇ ಆದ್ದರಿಂದ ಕರಡು ತಿದ್ದದೆ ಮುದ್ರಿಸುವಂತಿಲ್ಲ. ಹೊಸದಾಗಿ ಮಾಡುವವರು ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಇವುಗಳಂಥ ಮುಕ್ತ ಪರವಾನಗಿಯ ಯೂನಿಕೋಡ್ ಫಾಂಟು ಬಳಸಬೇಕು. ಪಿಡಿಎಫ್ ಜೊತೆಗೆ ತಿದ್ದಲು ಬರುವ ಮೂಲ ಕಡತವನ್ನೂ ಹಂಚಬೇಕು. ಪಿಡಿಎಫ್ ಒಂದನ್ನೇ ಕೊಟ್ಟರೆ ಮುಂದಿನ ಶಿಕ್ಷಕರು ಮತ್ತೆ ಮೊದಲಿನಿಂದ ಟೈಪ್ ಮಾಡಬೇಕಾಗುತ್ತದೆ.

ನಿಷ್ಕರ್ಷೆ

ದೇಹೂ ರೋಡಿನಲ್ಲಿ ಕೂತು ಕನ್ನಡ ಕಲಿಸುವವರಿಗೆ ಓದುವ ಸಾಮಗ್ರಿಯ ಕೊರತೆ ಇಲ್ಲ. ತಿದ್ದಿ ಹಂಚಬಹುದಾದ ಆರಂಭಿಕ ಓದಿನ ಸಾಮಗ್ರಿಯಲ್ಲಿ ಗಟ್ಟಿಯಾದದ್ದು ಸ್ಟೋರಿವೀವರ್ ಒಂದೇ. ಅದರ ಜೊತೆಗೆ ಪಂಜೆಯವರ ಕಾಲದ ಕನ್ನಡ, ದಾಸರು, ಸಂತರು, ಅಂಬೇಡ್ಕರ್ ಮೂಲ ಪಠ್ಯಗಳು ಕಾನೂನಿನ ದೃಷ್ಟಿಯಲ್ಲಿ ನಿರಾತಂಕ. ಮಕ್ಕಳಿಗೆಂದೇ, ತೆರಿಗೆಯ ಹಣದಲ್ಲೇ ತಯಾರಾದ ಪಠ್ಯಪುಸ್ತಕ ಮಾತ್ರ ಈ ಪಟ್ಟಿಗೆ ಸೇರುವುದಿಲ್ಲ.

ಇದರ ನಷ್ಟ ಒಂದು ಊರಿಗೆ ಸೀಮಿತವಲ್ಲ. ಕರ್ನಾಟಕ ತನ್ನ ಮಕ್ಕಳಿಗೆ, ಮಹಾರಾಷ್ಟ್ರ ಅಕ್ಕಲಕೋಟೆ–ಜತ್ತದ ಮಕ್ಕಳಿಗೆ, ಕೇರಳ ಕಾಸರಗೋಡಿನ ಮಕ್ಕಳಿಗೆ ಬೇರೆ ಬೇರೆಯಾಗಿ ಕನ್ನಡ ಪಠ್ಯ ಬರೆಸಿ ಅಚ್ಚು ಹಾಕುತ್ತವೆ. ಮರಾಠಿ, ಮಲಯಾಳಗಳ ನಡುವೆ ಕನ್ನಡ ಕಲಿಸುವ ಅನುಭವ ಈ ಗಡಿ ಪುಸ್ತಕಗಳಲ್ಲಿದೆ. ಒಂದರಲ್ಲಿನ ಒಳ್ಳೆಯ ಪಾಠವಾಗಲಿ ಚಿತ್ರವಾಗಲಿ ಇನ್ನೊಂದಕ್ಕೆ ಪತ್ರವ್ಯವಹಾರವಿಲ್ಲದೆ ದಾಟದು. ಮುಂಬಯಿ, ಪುಣೆ, ಹೊರದೇಶಗಳ ಕನ್ನಡ ತರಗತಿಗಳಿಗೆ ಆ ಪತ್ರವ್ಯವಹಾರದ ದಾರಿಯೂ ಇಲ್ಲ. ಎನ್‌ಸಿಇಆರ್‌ಟಿ ತನ್ನ ಭಂಡಾರಕ್ಕೆ, ಮೈಸೂರು ವಿಶ್ವವಿದ್ಯಾಲಯ ತನ್ನ ವಿಶ್ವಕೋಶಕ್ಕೆ ಕೊಟ್ಟ ಪರವಾನಗಿಯನ್ನು ಪಠ್ಯಪುಸ್ತಕಕ್ಕೆ ಕೊಡಲು ಕಾಯ್ದೆಯ ತಿದ್ದುಪಡಿ ಬೇಕಿಲ್ಲ. ಹಕ್ಕುದಾರ ಸಂಸ್ಥೆಯ ಒಂದು ನಿರ್ಣಯ ಮತ್ತು ಹಿಂಬದಿ ಪುಟದಲ್ಲಿ ಒಂದು ಸಾಲಿನ ಬದಲಾವಣೆ ಸಾಕು. ಪುಣೆಯ ಬಾಲಭಾರತಿಯಾಗಲಿ ಬೆಂಗಳೂರಿನ ಪಠ್ಯಪುಸ್ತಕ ಸಂಘವಾಗಲಿ ಕನಿಷ್ಠ ಒಂದರಿಂದ ಮೂರನೇ ತರಗತಿಯವರೆಗಿನ ಕನ್ನಡ ಭಾಷಾ ಪಠ್ಯಗಳನ್ನು ಬಿವೈ–ಎಸ್‌ಎ ಪರವಾನಗಿಯಲ್ಲಿ, ಯೂನಿಕೋಡ್ ಮೂಲ ಕಡತಗಳ ಸಮೇತ ಬಿಡುಗಡೆ ಮಾಡಬೇಕು. ಕನ್ನಡ ಸಂಘಗಳು ಈ ಬೇಡಿಕೆಯನ್ನು ಲಿಖಿತವಾಗಿ ಸಲ್ಲಿಸಬೇಕು. ಅಲ್ಲಿಯವರೆಗೆ ಶಿಕ್ಷಕರಿಗೆ ಹೇಳುವುದು ಇಷ್ಟೇ: ಪಾಠ ಓದುವ ಮೊದಲು ಹಕ್ಕಿನ ಪುಟ ಓದಿ, ಹೆಸರಿನ ಪುಟವನ್ನು ಕೀಳಬೇಡಿ, ನೀವು ಮಾಡಿದ ಪಾಠದ ಮೇಲೂ ಒಂದು ಪರವಾನಗಿ ಬರೆದೇ ಹಂಚಿ.